ಗೋಣಿಕೊಪ್ಪ ರಸ್ತೆಯಲ್ಲಿ ಬೈದು ದುಡ್ಡು ಕೇಳಿದವರು ಯಾರು?

ಮೇ ತಿಂಗಳಲ್ಲಿ ಕೊಡಗಿನ ಗೋಣಿಕೊಪ್ಪದ ಹತ್ತಿರ ಸೀರೆ ಉಟ್ಟ ಗಂಡಸರು ಕಾರು ತಡೆದರು, ಕೆಟ್ಟದಾಗಿ ಬೈದು ದುಡ್ಡು ಕೇಳಿದರು, ಇದು ಭಿಕ್ಷೆಯೋ ಸುಲಿಗೆಯೋ ಅಂತ ಕೇಳಿದ್ದೀರಿ. ನಾನು ಅದೇ ಕಡೆಯವನು. ಅದು ಸುಲಿಗೆ ಅಲ್ಲ. ನೀವು ಸಿಕ್ಕಿಕೊಂಡಿದ್ದು ಕುಂಡೆ ಹಬ್ಬದಲ್ಲಿ. ಬೇಡು ಹಬ್ಬ ಅಂತಲೂ ಅನ್ನುತ್ತಾರೆ.

ಜೇನುಕುರುಬರು, ಬೆಟ್ಟಕುರುಬರು, ಎರವರು ಅನ್ನುವ ಬುಡಕಟ್ಟಿನವರು ಮಾಡುವ ಹಬ್ಬ ಇದು. ಮುಖಕ್ಕೆ ಬಣ್ಣ ಬಳಿದುಕೊಂಡು, ಕೈಗೆ ಸಿಕ್ಕ ಡಬ್ಬ, ತಗಡು ಬಡಿಯುತ್ತಾ ಮನೆ, ಅಂಗಡಿ, ಬಸ್ಸು ಯಾವುದನ್ನೂ ಬಿಡದೆ ಬೇಡುತ್ತಾರೆ. ಆಮೇಲೆ ಎಲ್ಲರೂ ಅದೇ ಕಡೆಯ ದೇವರಪುರದ ಗುಡಿಯ ಹತ್ತಿರ ಸೇರಿ ಕುಣಿಯುತ್ತಾರೆ, ಕಾಣಿಕೆ ಹಾಕುತ್ತಾರೆ.

ಬೈಗುಳಕ್ಕೂ ಒಂದು ಕತೆ ಇದೆ. ಅಯ್ಯಪ್ಪ ಇವರನ್ನು ಬೇಟೆಗೆ ಅಂತ ಕಾಡಿಗೆ ಕರೆದುಕೊಂಡು ಹೋದನಂತೆ. ಅಲ್ಲಿ ಭದ್ರಕಾಳಿಯನ್ನು ಕಂಡವನೇ ಇವರನ್ನು ನಡುಕಾಡಿನಲ್ಲಿ ಬಿಟ್ಟು ಅವಳ ಹಿಂದೆ ಹೋಗಿಬಿಟ್ಟ. ಆ ಸಿಟ್ಟಿಗೆ ವರ್ಷಕ್ಕೊಮ್ಮೆ ದೇವರನ್ನೇ ಬೈಯುತ್ತಾರೆ. ದಾರಿಯಲ್ಲಿ ಸಿಕ್ಕ ನಮಗೂ ಒಂದಿಷ್ಟು ಪಾಲು! ಹಬ್ಬ ಮುಗಿದ ಮೇಲೆ ತಪ್ಪಾಯಿತು ಅಂತ ದೇವರಿಗೆ ಕೈಮುಗಿಯುತ್ತಾರೆ.

ದೇವರಿಗಾಗಿ ಬೇಡುವುದು ನಮ್ಮ ನಾಡಿಗೆ ಹೊಸದೇನಲ್ಲ. ಮೈಲಾರಲಿಂಗನ ಗೊರವರು ಡಮರುಗ ಹಿಡಿದು ಬೇಡುತ್ತಾರೆ. ಮೈಸೂರು ಕಡೆ ಶ್ರಾವಣ ಶನಿವಾರ ಉಳ್ಳವರೂ ನಾಮ ಹಾಕಿಕೊಂಡು, ಗೋವಿಂದ ಅನ್ನುತ್ತಾ ನಾಲ್ಕು ಮನೆಯಲ್ಲಿ ಪಡಿ ಕೇಳುತ್ತಾರೆ. ಅಲ್ಲೆಲ್ಲ ಬೇಡುವವನು ತಲೆ ತಗ್ಗಿಸುತ್ತಾನೆ. ಇಲ್ಲಿ ಹಾಗಿಲ್ಲ. ಇವರಲ್ಲಿ ಎಷ್ಟೋ ಜನ ವರ್ಷವಿಡೀ ತೋಟದ ಲೈನ್‌ಮನೆಯಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿದ್ದು, ಸಾಹುಕಾರರು ಹೇಳಿದ್ದಕ್ಕೆಲ್ಲ ಹೂಂ ಅನ್ನುವವರು. ಅವತ್ತು ಅದೇ ಸಾಹುಕಾರರ ಅಂಗಳದಲ್ಲಿ ನಿಂತು ಬೈಯುತ್ತಾರೆ, ಕೈಯೊಡ್ಡುತ್ತಾರೆ, ಸಾಹುಕಾರರು ನಗುತ್ತಾ ಕೊಡಬೇಕು. ನನಗೆ ಈ ಹಬ್ಬದ ಮೇಲೆ ಇಷ್ಟೊಂದು ಗೌರವ ಇರುವುದೇ ಇದಕ್ಕೆ.

ಸಿಕ್ಕಿದ ದುಡ್ಡಲ್ಲಿ ಒಂದಿಷ್ಟು ಕುಡಿತಕ್ಕೂ ಹೋಗುತ್ತದೆ, ನಿಜ. ಹಾಗಂತ ಇಡೀ ಹಬ್ಬವನ್ನು ಕುಡುಕರ ಗಲಾಟೆ ಅನ್ನುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ.

ಮುಂದಿನ ಸಲ ಸಿಕ್ಕರೆ ಗಾಜು ಏರಿಸಬೇಡಿ. ಹತ್ತಿಪ್ಪತ್ತು ರೂಪಾಯಿ ಚಿಲ್ಲರೆ ಕೊಡಿ, ದಾರಿ ಬಿಡುತ್ತಾರೆ. ಕೇಳದೆ ಮುಖದ ಹತ್ತಿರ ಮೊಬೈಲ್ ಹಿಡಿದು ವಿಡಿಯೋ ಮಾತ್ರ ಮಾಡಬೇಡಿ. ಜೊತೆಯಲ್ಲಿ ಮಕ್ಕಳಿದ್ದು ಬೈಗುಳ ಬೇಡ ಅನಿಸಿದರೆ, ಆ ದಿನ ತಿತಿಮತಿ–ಗೋಣಿಕೊಪ್ಪ ಕಡೆಯ ಪ್ರಯಾಣ ಮುಂದಕ್ಕೆ ಹಾಕಿ.