ಹಾಡುವಾಗ ದನಿ ತಡವಾಗಿ ಕೇಳಿಸಿದರೆ

ತಬಲಾ ಟ್ರ್ಯಾಕ್ ಹಾಕಿಕೊಂಡು ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಭಾವಗೀತೆ ಹಾಡುವಾಗ ನಿಮ್ಮದೇ ದನಿ ಹೆಡ್‌ಫೋನಿನಲ್ಲಿ ತಡವಾಗಿ ಕೇಳಿ ತಾಳ ತಪ್ಪುತ್ತದೆ, ಹೊಸ ಲ್ಯಾಪ್‌ಟಾಪ್ ಕೊಳ್ಳಬೇಕಾ ಎಂದು ಕೇಳಿದ್ದೀರಿ. ದಯವಿಟ್ಟು ಈಗಲೇ ದುಡ್ಡು ಹಾಕಬೇಡಿ. ಇದು ಹೆಚ್ಚಾಗಿ ಸೆಟ್ಟಿಂಗ್‌ನ ತೊಂದರೆ.

ಕಂಪ್ಯೂಟರ್ ದನಿಯನ್ನು ಕಂತು ಕಂತಾಗಿ ತೆಗೆದುಕೊಳ್ಳುತ್ತದೆ. ಆ ಕಂತಿನ ಅಳತೆಯೇ ಬಫರ್. ಸೆಕೆಂಡಿಗೆ 44,100 ಸ್ಯಾಂಪಲ್ (ದನಿಯ ಪುಟ್ಟ ಪುಟ್ಟ ತುಣುಕು) ಇದ್ದಾಗ 1024 ಸ್ಯಾಂಪಲ್ ಹಿಡಿಯುವ ಬಫರ್ ತುಂಬಲು ಸುಮಾರು 23 ಮಿಲಿಸೆಕೆಂಡ್ ಬೇಕು. ಒಳಗೆ ಬರುವಾಗ ಒಮ್ಮೆ, ಹೊರಗೆ ಹೋಗುವಾಗ ಇನ್ನೊಮ್ಮೆ. ಅಲ್ಲಿಗೇ 46 ಆಯಿತು. ಹಾಡುವವರಿಗೆ ಇದು ಚೆನ್ನಾಗಿಯೇ ಗೊತ್ತಾಗುತ್ತದೆ, ಅಲ್ವಾ? 128 ಇಟ್ಟರೆ ಎರಡೂ ಸೇರಿ 6ರ ಹತ್ತಿರ.

ರೀಪರ್ ತೆರೆದು ಆಪ್ಷನ್ಸ್, ಪ್ರಿಫರೆನ್ಸಸ್, ಆಡಿಯೋ, ಡಿವೈಸ್‌ಗೆ ಹೋಗಿ ಎಎಸ್‌ಐಒ (ವಿಂಡೋಸ್‌ನಲ್ಲಿ ದನಿಯನ್ನು ಬೇಗ ಸಾಗಿಸುವ ಡ್ರೈವರ್) ಆರಿಸಿ. ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಕಂಪನಿಯದೇ ಡ್ರೈವರ್ ಇದ್ದರೆ ಅದೇ ಒಳ್ಳೆಯದು. ಇಲ್ಲದಿದ್ದರೆ ಮಾತ್ರ ಎಎಸ್‌ಐಒ4ಆಲ್ ಹಾಕಿಕೊಳ್ಳಿ, ಅದು ಉಚಿತ. ಬಫರ್ 128ಕ್ಕೆ ಇಳಿಸಿ. ಪಟಪಟ ಸದ್ದು ಬಂದರೆ 256 ಮಾಡಿ. ಮಿಕ್ಸಿಂಗ್‌ಗೆ ಕೂತಾಗ ಮತ್ತೆ 1024ಕ್ಕೆ ಏರಿಸಿ. ಆಗ ಪ್ಲಗಿನ್ (ದನಿಗೆ ಎಫೆಕ್ಟ್ ಹಾಕುವ ಪುಟ್ಟ ಸಾಫ್ಟ್‌ವೇರ್) ಜಾಸ್ತಿ ಇದ್ದರೂ ಲ್ಯಾಪ್‌ಟಾಪ್ ತಡೆದುಕೊಳ್ಳುತ್ತದೆ.

ಇಂಟರ್‌ಫೇಸ್ ಮೇಲೆ ಡೈರೆಕ್ಟ್ ಮಾನಿಟರ್ ಗುಂಡಿ ಇದೆಯಾ ನೋಡಿ. ಇದ್ದರೆ ಇನ್ನೂ ಸುಲಭ. ಮೈಕಿನ ದನಿ ಕಂಪ್ಯೂಟರ್ ಸುತ್ತಿ ಬರದೆ ನೇರ ಕಿವಿಗೆ ಬೀಳುತ್ತದೆ. ಆಗ ರೀಪರ್ ಟ್ರ್ಯಾಕ್‌ನ ಮಾನಿಟರ್ ಆಫ್ ಮಾಡಿ, ಇಲ್ಲದಿದ್ದರೆ ದನಿ ಎರಡೆರಡು ಸಲ ಕೇಳುತ್ತದೆ. ಹಾಡಿಗೆ ನನಗಂತೂ ಇದೇ ಇಷ್ಟ.

ಬ್ಲೂಟೂತ್ ಹೆಡ್‌ಫೋನ್ ಆಗಿದ್ದರೆ ಇದ್ಯಾವುದೂ ನಡೆಯುವುದಿಲ್ಲ. ವೈರ್ ಇರುವುದನ್ನೇ ಹಾಕಿಕೊಳ್ಳಿ.