ಕಾರ್-ಟಿ ಚಿಕಿತ್ಸೆ ನರರೋಗಕ್ಕೂ ಬಂತೇ?

ಪ್ರಶ್ನೆ (ಹಾಸನ): ತಂಗಿಗೆ 29 ವರ್ಷ. ಎರಡು ಸಲ ಕಣ್ಣು ಮಂಜಾಯಿತು, ಒಮ್ಮೆ ಎರಡೂ ಕಾಲಿನ ಶಕ್ತಿ ಹೋಯಿತು. ಸ್ಟೀರಾಯ್ಡ್ ಡ್ರಿಪ್ ಹಾಕಿದ ಮೇಲೆ ಸುಧಾರಿಸಿತು. ಎಂ.ಎಸ್. (ಮಲ್ಟಿಪಲ್ ಸ್ಕ್ಲೆರೋಸಿಸ್) ಎಂದಿದ್ದಾರೆ. ಟಿ-ಕೋಶದ ಚಿಕಿತ್ಸೆ ಕೊಡಿಸಿದರೆ ಬುಡಸಮೇತ ಹೋಗುತ್ತದಂತೆ, ನಿಜವೇ?

ಉತ್ತರ: ಚಿಕಿತ್ಸೆಯ ಮಾತು ಆಮೇಲೆ, ಮೊದಲು ಕಾಯಿಲೆಯ ಹೆಸರು ಗಟ್ಟಿಯಾಗಲಿ. ನೀವು ಬರೆದಿರುವ ಲಕ್ಷಣಗಳು ಎಂ.ಎಸ್.ಗೆ ಹೊಂದುವ ಹಾಗೆಯೇ ಎನ್‌ಎಂಒ (ನ್ಯೂರೋಮೈಲೈಟಿಸ್ ಆಪ್ಟಿಕಾ) ಮತ್ತು ಮಾಗ್ (ಮೈಲಿನ್‌ನಲ್ಲಿರುವ ಮಾಗ್ ಎಂಬ ಪ್ರೊಟೀನಿನ ಮೇಲೆ ದಾಳಿಯಾಗುವ) ಕಾಯಿಲೆಗಳಿಗೂ ಹೊಂದುತ್ತವೆ. ಮೂರರಲ್ಲೂ ನರದ ಮೈಲಿನ್ ಹೊದಿಕೆ ಹಾಳಾಗುತ್ತದೆ, ಹಾಳು ಮಾಡುವ ದಾರಿ ಮಾತ್ರ ಬೇರೆ ಬೇರೆ. ಎನ್‌ಎಂಒದಲ್ಲಂತೂ ಮೊದಲ ಏಟು ಬೀಳುವುದು ಮೈಲಿನ್‌ಗಲ್ಲ, ನರಕೋಶಗಳಿಗೆ ಆಸರೆಯಾದ ಆಸ್ಟ್ರೋಸೈಟ್ ಕೋಶಗಳ ಮೇಲಿರುವ ಅಕ್ವಾಪೋರಿನ್-4 ಎಂಬ ನೀರಿನ ಕಿಂಡಿಗೆ. ಇದು ಬರೀ ಪುಸ್ತಕದ ವ್ಯತ್ಯಾಸವಲ್ಲ: ಎಂ.ಎಸ್.ಗೆ ಕೊಡುವ ಇಂಟರ್‌ಫೆರಾನ್, ಫಿಂಗೊಲಿಮಾಡ್, ನಟಾಲಿಜುಮ್ಯಾಬ್ ಔಷಧಗಳಿಂದ ಎನ್‌ಎಂಒ ಉಲ್ಬಣಿಸಿದ ಉದಾಹರಣೆಗಳಿವೆ.

ಅಕ್ವಾಪೋರಿನ್-4 ಮತ್ತು ಮಾಗ್ ಪ್ರತಿಕಾಯಗಳ ಪರೀಕ್ಷೆಯನ್ನು 'ಸೆಲ್ ಬೇಸ್ಡ್ ಅಸ್ಸೇ' (ಆ ಪ್ರೊಟೀನನ್ನು ಜೀವಕೋಶದ ಮೇಲೆ ಮೂಡಿಸಿ ಪರೀಕ್ಷಿಸುವ) ವಿಧಾನದಲ್ಲೇ ಮಾಡಿಸಿ. ಎಲೈಸಾ ಎಂಬ ಇನ್ನೊಂದು ವಿಧಾನದಲ್ಲಿ ಸುಳ್ಳು ಪಾಸಿಟಿವ್ ಬರುವುದುಂಟು. ಪ್ಲಾಸ್ಮಾ ಬದಲಿಸುವ ಚಿಕಿತ್ಸೆ ಮಾಡುವುದಿದ್ದರೆ ಅದಕ್ಕೆ ಮುಂಚೆಯೇ ರಕ್ತ ತೆಗೆದಿಡಬೇಕು. ಆಮೇಲೆ ತೆಗೆದರೆ ಪ್ರತಿಕಾಯ ಹೊರಗೆ ಹೋಗಿರುತ್ತದೆ, ವರದಿ ನೆಗೆಟಿವ್ ಬಂದು ದಾರಿ ತಪ್ಪಿಸಬಹುದು. ಈ ಪರೀಕ್ಷೆಗೆ ದೂರ ಹೋಗಬೇಕಿಲ್ಲ. ಮಂಗಳೂರಿನಲ್ಲಿ ನಿಟ್ಟೆ ವಿಶ್ವವಿದ್ಯಾಲಯದ ಡಾ. ಲೇಖಾ ಪಂಡಿತ್ ಅವರ ತಂಡ ಈ ವಿಧಾನವನ್ನು ತಾನೇ ರೂಪಿಸಿಕೊಂಡು ಇಂಥ ಕಾಯಿಲೆಗಳ ರಿಜಿಸ್ಟ್ರಿಯನ್ನೂ ನಡೆಸುತ್ತ ಬಂದಿದೆ.

ಇನ್ನು ಕಾರ್-ಟಿ, ಅಂದರೆ ರೋಗಿಯದೇ ಟಿ-ಕೋಶಗಳನ್ನು (ಒಂದು ಬಗೆಯ ಬಿಳಿರಕ್ತಕಣ) ಹೊರತೆಗೆದು, ಲ್ಯಾಬಿನಲ್ಲಿ ಬದಲಿಸಿ ವಾಪಸ್ ಕೊಡುವ ಚಿಕಿತ್ಸೆ. ಎಂ.ಎಸ್.ಗೆ ಅದಿನ್ನೂ ಪ್ರಯೋಗದ ಹಂತದಲ್ಲಿದೆ. ಭಾರತದಲ್ಲಿ ಒಪ್ಪಿಗೆ ಪಡೆದಿರುವ ಎರಡು ಕಾರ್-ಟಿಗಳೂ ರಕ್ತ ಮತ್ತು ದುಗ್ಧಗ್ರಂಥಿಯ ಕ್ಯಾನ್ಸರಿಗೆ ಮಾತ್ರ. ಒಂದು, ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ರೂಪಿಸಿದ ನೆಕ್ಸ್‌ಕಾರ್19 (2023). ಇನ್ನೊಂದು, ಬೆಂಗಳೂರಿನ ಇಮ್ಯುನೀಲ್ ಕಂಪನಿಯ ಕಾರ್ಟೆಮಿ.

ಪ್ರಶ್ನೆ (ಶಿವಮೊಗ್ಗ): ಕ್ಯಾನ್ಸರ್ ಔಷಧಕ್ಕೂ ನರರೋಗಕ್ಕೂ ಏನು ಸಂಬಂಧ? ರೋಗಿಯ ದೇಹದಲ್ಲಿ ನಿಜವಾಗಿ ಏನೇನು ಮಾಡುತ್ತಾರೆ?

ಉತ್ತರ: ಎರಡು ಕಡೆಯೂ ಗುರಿ ಒಂದೇ, ಬಿ-ಕೋಶ ಎಂಬ ಇನ್ನೊಂದು ಬಗೆಯ ಬಿಳಿರಕ್ತಕಣ. ಕ್ಯಾನ್ಸರಿನಲ್ಲಿ ಅದು ಲಂಗುಲಗಾಮಿಲ್ಲದೆ ಬೆಳೆಯುತ್ತದೆ, ಇಲ್ಲಿ ನಮ್ಮದೇ ನರದ ಮೇಲೆ ದಾಳಿಗೆ ಕುಮ್ಮಕ್ಕು ಕೊಡುತ್ತದೆ.

ಮೊದಲು ಅಫೆರೆಸಿಸ್. ಒಂದು ತೋಳಿನಿಂದ ರಕ್ತ ಯಂತ್ರಕ್ಕೆ ಹೋಗಿ, ಬಿಳಿರಕ್ತಕಣಗಳನ್ನು ಬಿಟ್ಟು ಉಳಿದದ್ದು ಇನ್ನೊಂದು ತೋಳಿಗೆ ವಾಪಸ್ ಬರುತ್ತದೆ. ಮೂರರಿಂದ ಐದು ಗಂಟೆ ಮಲಗಿರಬೇಕು. ರಕ್ತ ಹೆಪ್ಪುಗಟ್ಟದಿರಲೆಂದು ಸೇರಿಸುವ ಸಿಟ್ರೇಟ್ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುವುದರಿಂದ ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮ್ಮೆನ್ನುತ್ತದೆ. ಎಂ.ಎಸ್. ರೋಗಿ ಇದನ್ನು ಕಾಯಿಲೆ ಮರುಕಳಿಸಿತೆಂದು ತಿಳಿದು ಗಾಬರಿಯಾಗುವುದು ಸಹಜ. ನರ್ಸಿಗೆ ಹೇಳಿದರೆ ಕ್ಯಾಲ್ಸಿಯಂ ಕೊಡುತ್ತಾರೆ, ಸರಿಹೋಗುತ್ತದೆ. ಹೆಚ್ಚಿನ ಪ್ರಮಾಣದ ಸ್ಟೀರಾಯ್ಡನ್ನು ಇದಕ್ಕೆ ಮುಂಚೆಯೇ ನಿಲ್ಲಿಸಿರಬೇಕು, ಇಲ್ಲದಿದ್ದರೆ ಸಿಗುವ ಟಿ-ಕೋಶಗಳು ಕಡಿಮೆ, ಸಿಕ್ಕಿದ್ದೂ ನಿತ್ರಾಣ. ಲ್ಯಾಬಿನಲ್ಲಿ ಅವು ಬೆಳೆಯದೇ ಹೋಗುವುದಕ್ಕೆ ಇದೂ ಒಂದು ಕಾರಣ.

ಲ್ಯಾಬಿನಲ್ಲಿ, ರೋಗ ತರಲಾರದಂತೆ ಮಾಡಿದ ಲೆಂಟಿವೈರಸ್ ಮೂಲಕ ಟಿ-ಕೋಶಗಳಿಗೆ ಹೊಸ ಜೀನ್ ಸೇರಿಸುತ್ತಾರೆ. ಆ ಜೀನ್‌ನಿಂದ ಕೋಶದ ಮೈಮೇಲೆ ಸಿಡಿ19 ಗುರುತನ್ನು ಹಿಡಿಯುವ ಕೊಕ್ಕೆ ಮೂಡುತ್ತದೆ. ಬಿ-ಕೋಶದ ಮೇಲೆ ಇರುವುದು ಅದೇ ಗುರುತು. ಸುಮಾರು 12 ದಿನ ಬೆಳೆಸಿ ಕೊಡುವ ಪ್ರಮಾಣ, ಜರ್ಮನಿಯ ಎರ್ಲಾಂಗೆನ್ ತಂಡದ ಲೆಕ್ಕದಲ್ಲಿ, ಕಿಲೋ ತೂಕಕ್ಕೆ 10 ಲಕ್ಷ ಕೋಶ. 60 ಕಿಲೋ ತೂಗುವವರಿಗೆ 6 ಕೋಟಿ.

ಆ ಕೋಶಗಳನ್ನು ಕೊಡುವ ಮೊದಲು ದೇಹದೊಳಗೆ ಅವಕ್ಕೆ ಜಾಗ ಖಾಲಿ ಮಾಡಬೇಕು. ದೇಹದ ಮೇಲ್ಮೈಯ ಚದರ ಮೀಟರಿಗೆ 25 ಮಿ.ಗ್ರಾಂ.ನಂತೆ ಫ್ಲುಡರಾಬಿನ್ ಮೂರು ದಿನ, ಅದೇ ಚದರ ಮೀಟರಿನ ಲೆಕ್ಕದಲ್ಲಿ ಸೈಕ್ಲೋಫಾಸ್ಫಮೈಡ್ 1,000 ಮಿ.ಗ್ರಾಂ. ಒಂದು ಸಲ. ಎರಡೂ ಕೀಮೋ ಔಷಧಗಳೇ. ಮಕ್ಕಳಾಗಬೇಕೆನ್ನುವವರು ಅಂಡಾಣು ಅಥವಾ ವೀರ್ಯ ಕಾಪಿಡುವ ವಿಚಾರವನ್ನು ಇಲ್ಲೇ ಎತ್ತಬೇಕು. ಆಮೇಲೆ ದ್ರವ ಸಾರಜನಕದಲ್ಲಿಟ್ಟ ಕೋಶಗಳ ಚೀಲವನ್ನು 37 ಡಿಗ್ರಿ ನೀರಿನಲ್ಲಿ ಕರಗಿಸಿ ನೇರ ರಕ್ತನಾಳಕ್ಕೆ ಹರಿಸುತ್ತಾರೆ. ಕೋಶ ಕೆಡದಿರಲೆಂದು ಬೆರೆಸಿದ ಡಿಎಂಎಸ್‌ಒದಿಂದಾಗಿ ಕೋಣೆ ತುಂಬ ಬೆಳ್ಳುಳ್ಳಿಯಂಥ ವಾಸನೆ. ಇಷ್ಟೆಲ್ಲ ಸಿದ್ಧತೆ ನಡೆಸಿ ಕೊಡುವ ಹೊತ್ತು ಅರ್ಧ ಗಂಟೆಯೂ ಇಲ್ಲ.

ಪ್ರಶ್ನೆ (ಧಾರವಾಡ): ಅಪಾಯವೇನು? ಮನೆಯವರು ಯಾವುದರ ಮೇಲೆ ಕಣ್ಣಿಡಬೇಕು?

ಉತ್ತರ: ಮೊದಲ ವಾರದ ಜ್ವರ. ಟಿ-ಕೋಶಗಳು ಕೆಲಸ ಶುರು ಮಾಡಿದಾಗ ಸೈಟೊಕೈನ್ ಎಂಬ ಉರಿಯೂತದ ರಾಸಾಯನಿಕಗಳು ರಕ್ತಕ್ಕೆ ಸುರಿಯುತ್ತವೆ. ಜ್ವರದ ಜೊತೆ ಬಿ.ಪಿ. ಇಳಿದರೆ, ಆಮ್ಲಜನಕ ಕಡಿಮೆಯಾದರೆ ಅದನ್ನು ತಣಿಸುವ ಟೊಸಿಲಿಜುಮ್ಯಾಬ್ ಔಷಧ ಕೊಡುತ್ತಾರೆ, ಕಿಲೋಗೆ 8 ಮಿ.ಗ್ರಾಂ., ಒಂದು ಸಲಕ್ಕೆ 800 ದಾಟುವಂತಿಲ್ಲ.

ನರರೋಗಿಗಳಲ್ಲಿ ಇಲ್ಲೊಂದು ತೊಡಕಿದೆ. ಮೈಲಿನ್ ಹೋದ ನರ ಮೈ ಬಿಸಿಯಾದಾಗ ಸಂಕೇತ ಸಾಗಿಸಲು ತಿಣುಕುತ್ತದೆ, ಹಳೆಯ ಲಕ್ಷಣಗಳೆಲ್ಲ ಮತ್ತೆ ತಲೆಯೆತ್ತುತ್ತವೆ. ಜ್ವರ ಇಳಿದರೆ ಅವೂ ಇಳಿಯುತ್ತವೆ. ಆದರೆ ಅದೇ ಹೊತ್ತಿನಲ್ಲಿ ಮಿದುಳಿಗೆ ನಿಜವಾದ ವಿಷಪರಿಣಾಮವೂ ಆಗಬಹುದು, ಕಾಯಿಲೆಯೇ ಮರುಕಳಿಸಿರಲೂಬಹುದು. ಮೂರಕ್ಕೂ ಮದ್ದು ಬೇರೆ. ಬೇರ್ಪಡಿಸಲು ವಾರ್ಡಿನಲ್ಲಿ ದಿನಕ್ಕೆ ಎರಡು ಮೂರು ಸಲ 10 ಅಂಕದ ಸಣ್ಣ ಪರೀಕ್ಷೆ ನಡೆಯುತ್ತದೆ: ವರ್ಷ, ತಿಂಗಳು, ಊರು, ಆಸ್ಪತ್ರೆ ಯಾವುದೆಂದು ಕೇಳಿದ್ದಕ್ಕೆ 4, ತೋರಿಸಿದ ಮೂರು ವಸ್ತುಗಳ ಹೆಸರಿಗೆ 3, ಹೇಳಿದ್ದು ಮಾಡಿದರೆ 1, ನೂರರಿಂದ ಹತ್ತತ್ತು ಕಳೆಯುತ್ತ ಬಂದರೆ 1, ಒಂದು ವಾಕ್ಯ ಬರೆದರೆ 1. ಮೊದಲು ಕೆಡುವವುಗಳಲ್ಲಿ ಬರಹವೂ ಒಂದು. ಅಕ್ಷರ ಒಂದರ ಮೇಲೊಂದು ಬೀಳುತ್ತದೆ, ಸಾಲು ಓರೆಯಾಗುತ್ತದೆ. ಎಂ.ಎಸ್.ನಿಂದ ಕೈ ಮೊದಲೇ ನಡುಗುತ್ತಿದ್ದರೆ ಹೋಲಿಸುವುದು ಯಾವುದಕ್ಕೆ? ಹಾಗಾಗಿ ಕೀಮೋಗೆ ಮುಂಚೆಯೇ ರೋಗಿಯ ಕೈಯಲ್ಲಿ ಅವರದೇ ಭಾಷೆಯಲ್ಲಿ ಒಂದು ವಾಕ್ಯ ಬರೆಸಿ, ತಾರೀಖು ಹಾಕಿ, ಫೈಲಿನಲ್ಲಿಡಿ. ಹಾಸಿಗೆಯ ಪಕ್ಕದಲ್ಲಿರುವ ಕನ್ನಡಿಗರಿಗೆ ಇಂಗ್ಲಿಷ್ ಬಲ್ಲ ಡಾಕ್ಟರಿಗಿಂತ ಮೊದಲೇ ವ್ಯತ್ಯಾಸ ಗೊತ್ತಾಗುತ್ತದೆ.

ತಿಂಗಳುಗಟ್ಟಲೆ ಕಾಡುವುದು ಸೋಂಕು. ಹೆಪಟೈಟಿಸ್ ಬಿ ಹಿಂದೆಂದೋ ಬಂದು ಯಕೃತ್ತಿನಲ್ಲಿ ಅಡಗಿದ್ದರೆ ಬಿ-ಕೋಶ ಹೋದೊಡನೆ ಏಳುತ್ತದೆ. ಹೀಗಾಗಿ ಮೇಲ್ಮೈ ಆಂಟಿಜೆನ್ ಒಂದೇ ಸಾಲದು, ಕೋರ್ ಪ್ರತಿಕಾಯದ ಪರೀಕ್ಷೆಯೂ ಆಗಬೇಕು. ಕ್ಷಯದ್ದೂ ಅಷ್ಟೇ. ಲ್ಯಾಬಿನಲ್ಲಿ ಬದಲಿಸಿ ಕೊಟ್ಟ ಟಿ-ಕೋಶಗಳೇ ಅಪರೂಪಕ್ಕೆ ಕ್ಯಾನ್ಸರಾಗಿವೆಯೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರಲ್ಲಿ ಎಚ್ಚರಿಕೆ ಬರಹವನ್ನು ಕಡ್ಡಾಯ ಮಾಡಿತು.

ಪ್ರಶ್ನೆ (ಉಡುಪಿ): ನನಗೆ ಎನ್‌ಎಂಒ. ಆರು ತಿಂಗಳಿಗೊಮ್ಮೆ ರಿಟುಕ್ಸಿಮ್ಯಾಬ್ ಹಾಕಿಸುತ್ತಿದ್ದೇನೆ. ಅದೂ ಬಿ-ಕೋಶವನ್ನೇ ಕೊಲ್ಲುತ್ತದಲ್ಲ?

ಉತ್ತರ: ಕೊಲ್ಲುತ್ತದೆ, ರಕ್ತದಲ್ಲಿ. ಮಿದುಳಿನ ದ್ರವಕ್ಕೆ ಅದರ ಸಾವಿರದಲ್ಲೊಂದು ಪಾಲಷ್ಟೇ ಇಳಿಯುತ್ತದೆ. ದುಗ್ಧಗ್ರಂಥಿಯ ಮೂಲೆಯಲ್ಲಿ ಅವಿತ ಬಿ-ಕೋಶಗಳು ಎಷ್ಟೋ ಸಲ ಉಳಿದುಬಿಡುತ್ತವೆ. ಕಾರ್-ಟಿ ಜೀವಂತ ಕೋಶ, ತಾನೇ ನುಗ್ಗಿ ಹೋಗುತ್ತದೆ. ಹ್ಯಾಂಬರ್ಗ್‌ನಲ್ಲಿ ಚಿಕಿತ್ಸೆ ಪಡೆದು 2024ರಲ್ಲಿ ವರದಿಯಾದ ಇಬ್ಬರು ಎಂ.ಎಸ್. ರೋಗಿಗಳ ಮಿದುಳಿನ ದ್ರವದಲ್ಲಿ ಆ ಕೋಶಗಳು ಕಾಣಿಸಿದವು. ಇನ್ನು, ಬಿ-ಕೋಶದಿಂದಲೇ ಹುಟ್ಟಿ ಪ್ರತಿಕಾಯ ಉಗುಳುವ ಪ್ಲಾಸ್ಮಾ ಕೋಶದ ಮೇಲೆ ರಿಟುಕ್ಸಿಮ್ಯಾಬ್ ಹಿಡಿಯುವ ಸಿಡಿ20 ಗುರುತೇ ಇಲ್ಲ, ಬಿಸಿಎಂಎ ಎಂಬ ಬೇರೆ ಗುರುತು ಇದೆ. ವುಹಾನ್‌ನ ವೈದ್ಯರು ಅದನ್ನೇ ಗುರಿಯಾಗಿಸಿ 12 ಎನ್‌ಎಂಒ ರೋಗಿಗಳಿಗೆ ಕಾರ್-ಟಿ ಕೊಟ್ಟರು (2023). ಸರಾಸರಿ ಐದೂವರೆ ತಿಂಗಳ ಅವಧಿಯಲ್ಲಿ 11 ಮಂದಿಗೆ ಮರುಕಳಿಸಲಿಲ್ಲ. ರಕ್ತಕಣಗಳು ಮಾತ್ರ ಎಲ್ಲರಿಗೂ ತೀವ್ರವಾಗಿ ಇಳಿದವು, ಅರ್ಧಕ್ಕಿಂತ ಹೆಚ್ಚು ಜನರಿಗೆ ಸೋಂಕಾಯಿತು. ಹೋಲಿಕೆಗೆ ಇನ್ನೊಂದು ಗುಂಪಿರಲಿಲ್ಲ. ರಿಟುಕ್ಸಿಮ್ಯಾಬ್ ನಿಮಗೆ ಹಿಡಿದಿದ್ದರೆ ಅದನ್ನು ಬಿಟ್ಟು ಇದಕ್ಕೆ ಹಾರುವ ಕಾರಣ ನಮಗೆ ಕಾಣುತ್ತಿಲ್ಲ.

ಪ್ರಶ್ನೆ (ಮೈಸೂರು): ಇಡೀ ಬಿ-ಕೋಶ ಕೊಲ್ಲುವ ಬದಲು ತಪ್ಪು ಮಾಡುವುದನ್ನಷ್ಟೇ ತಿದ್ದಲಾಗದೇ?

ಉತ್ತರ: ಇಲಿಗಳಲ್ಲಿ ಆಗಿದೆ. ಯಕೃತ್ತಿನಲ್ಲಿ ಯಾವ ಪ್ರೊಟೀನ್ ತಯಾರಾಗುತ್ತದೋ ಅದನ್ನು ರೋಗನಿರೋಧಕ ವ್ಯವಸ್ಥೆ ಸಾಮಾನ್ಯವಾಗಿ 'ನಮ್ಮದು' ಎಂದು ಸಹಿಸಿಕೊಳ್ಳುತ್ತದೆ. ಫ್ಲೋರಿಡಾ ವಿಶ್ವವಿದ್ಯಾಲಯದವರು ಎಎವಿ ವೈರಸ್ ಮೂಲಕ ಮಾಗ್ ಪ್ರೊಟೀನಿನ ಜೀನನ್ನು ಇಲಿಯ ಯಕೃತ್ತಿಗೆ ಸೇರಿಸಿದಾಗ (2018) ದಾಳಿಯನ್ನು ತಡೆಯುವ ಟಿ-ರೆಗ್ ಕೋಶಗಳು ಹುಟ್ಟಿ ಪಾರ್ಶ್ವವಾಯು ಹಿಮ್ಮೆಟ್ಟಿತು. ಬಯೋಎನ್‌ಟೆಕ್ 2021ರಲ್ಲಿ ಎಂಆರ್‌ಎನ್‌ಎ ಬಳಸಿ ಇಂಥದೇ ಫಲ ಕಂಡಿತು. ಆದರೆ ಆ ಇಲಿಗೆ ಕಾಯಿಲೆ ಬರಿಸಿದವರೇ ವಿಜ್ಞಾನಿಗಳು, ಯಾವ ಪ್ರೊಟೀನಿನಿಂದ ಬರಿಸಿದ್ದೆಂದು ಅವರಿಗೆ ಗೊತ್ತು. ಎಂ.ಎಸ್. ರೋಗಿಯ ಮಿದುಳಿನಲ್ಲಿ ದಾಳಿಗೆ ಗುರಿಯಾಗಿರುವುದು ಯಾವುದೆಂಬುದೇ ಇನ್ನೂ ಇತ್ಯರ್ಥವಾಗಿಲ್ಲ.

ಪ್ರಶ್ನೆ (ಬಳ್ಳಾರಿ): ಎಂಟು ವರ್ಷದಿಂದ ಗಾಲಿಕುರ್ಚಿಯಲ್ಲಿದ್ದೇನೆ. ಇದರಿಂದ ನಡೆಯಬಲ್ಲೆನೇ?

ಉತ್ತರ: ಆ ಭರವಸೆ ಕೊಡಲಾರೆವು. ಕಾರ್-ಟಿ ಬೆಂಕಿ ಆರಿಸಬಹುದು, ಸುಟ್ಟ ನರತಂತುವನ್ನು ಕಟ್ಟಿಕೊಡುವುದಿಲ್ಲ.

ಪ್ರಶ್ನೆ (ಬೆಂಗಳೂರು): ಒಂದು ಕ್ಲಿನಿಕ್ಕಿನವರು 'ಟಿ-ಕೋಶ ಮತ್ತು ಸ್ಟೆಮ್ ಸೆಲ್ ಪ್ಯಾಕೇಜ್, ಟ್ರಯಲ್ ಆದ್ದರಿಂದ ರಿಯಾಯಿತಿ' ಎಂದು ಆರು ಲಕ್ಷ ಕೇಳುತ್ತಿದ್ದಾರೆ. ಕೊಡಬಹುದೇ?

ಉತ್ತರ: ಕೊಡಬೇಡಿ. ಟ್ರಯಲ್‌ನ ಔಷಧಕ್ಕೆ ರೋಗಿಯಿಂದ ದುಡ್ಡು ಕೇಳಿದರೆ ಅಲ್ಲೇ ಏನೋ ಸರಿಯಿಲ್ಲ ಎಂದರ್ಥ. ನಿಜವಾದ ಟ್ರಯಲ್‌ಗೆ ಸಿಟಿಆರ್‌ಐ (ಭಾರತದ ಕ್ಲಿನಿಕಲ್ ಟ್ರಯಲ್ ರಿಜಿಸ್ಟ್ರಿ) ನೋಂದಣಿ ಸಂಖ್ಯೆ ಇರುತ್ತದೆ: ಸಿಟಿಆರ್‌ಐ, ವರ್ಷ, ತಿಂಗಳು, ಕೊನೆಗೆ ಆರು ಅಂಕಿ. ಆ ಸಂಖ್ಯೆ ಕೇಳಿ ಬರೆದುಕೊಳ್ಳಿ, ಸಿಟಿಆರ್‌ಐ ಜಾಲತಾಣದಲ್ಲಿ ನೀವೇ ಹುಡುಕಿ. ಅಲ್ಲಿ ಬರೆದಿರುವ ಕಾಯಿಲೆ ನಿಮ್ಮದೇನಾ, ಆಸ್ಪತ್ರೆಗಳ ಪಟ್ಟಿಯಲ್ಲಿ ಈ ಕ್ಲಿನಿಕ್ ಇದೆಯಾ, ನೈತಿಕ ಸಮಿತಿಯ ಒಪ್ಪಿಗೆ ಸಿಕ್ಕಿದೆಯಾ, ಈ ಮೂರನ್ನೂ ನೋಡಿ. ಬೇರೆ ಯಾವುದೋ ಕಾಯಿಲೆಯ ಟ್ರಯಲ್ ಸಂಖ್ಯೆಯನ್ನು ತೋರಿಸಿ ಸಾಗಹಾಕಲೂಬಹುದು.