ಜೋರು ಮಾಡುವ ಮಗು ಲೀಡರ್ ಆಗುತ್ತದೆಯೇ?

ಪ್ರಶ್ನೆ: ಮಗಳಿಗೆ ನಾಲ್ಕೂವರೆ ವರ್ಷ, ಎಲ್‌ಕೆಜಿ. ಆಟಕ್ಕೆ ಬಂದ ಮಕ್ಕಳೆಲ್ಲ ಅವಳು ಹೇಳಿದ ಹಾಗೇ ಕೇಳಬೇಕು. ಇಲ್ಲದಿದ್ದರೆ ಎದ್ದು ಬಂದುಬಿಡುತ್ತಾಳೆ. ಅತ್ತೆ-ಮಾವ ‘ಇವಳು ಮುಂದೆ ದೊಡ್ಡ ಲೀಡರ್’ ಅನ್ನುತ್ತಾರೆ, ಮಿಸ್ ‘ತುಂಬಾ ಜೋರು’ ಅನ್ನುತ್ತಾರೆ. ಯಾವುದು ಸರಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಎರಡರಲ್ಲೂ ನಿಜವಿದೆ. ಆಟ ಕಟ್ಟುವುದು, ಯಾರು ಏನಾಗಬೇಕೆಂದು ಯೋಚಿಸುವುದು ಸಣ್ಣ ಸಾಮರ್ಥ್ಯವಲ್ಲ. ಅದನ್ನು ಬೈದು ಅಡಗಿಸಬೇಡಿ. ಆದರೆ ಎದುರಿನವರ ಮನಸ್ಸಿನಲ್ಲಿ ಬೇರೆಯದೇ ಯೋಚನೆ ಇರಬಹುದೆಂದು ಮಕ್ಕಳಿಗೆ ಚೆನ್ನಾಗಿ ಹೊಳೆಯತೊಡಗುವುದೇ ನಾಲ್ಕರ ಆಸುಪಾಸಿನಲ್ಲಿ. ಹಾಗಾಗಿ ಬುದ್ಧಿವಾದ ನಾಟುವುದಿಲ್ಲ, ಸರದಿಯ ಆಟ ನಾಟುತ್ತದೆ.

ಮೂರೇ ಮಕ್ಕಳಿರಲಿ. ಹೆಗಲಿಗೆ ಟವೆಲ್ ಹಾಕಿಕೊಂಡವರು ಮುಂದಾಳು. ಅವರು ಕುಪ್ಪಳಿಸಿದಂತೆ ಉಳಿದವರೂ ಕುಪ್ಪಳಿಸಬೇಕು. ಎರಡು ನಿಮಿಷಕ್ಕೆ ಮೊಬೈಲಿನಲ್ಲಿ ಅಲಾರಂ ಇಡಿ. ‘ಟವೆಲ್ ಕೊಡು’ ಎಂದು ನೀವು ಹೇಳಿದರೆ ಹಟ ನಿಮ್ಮ ಮೇಲೆ ತಿರುಗುತ್ತದೆ, ಅಲಾರಂ ಜೊತೆ ಹಟ ಮಾಡಲಾಗದು. ಮಗಳ ಸರದಿ ಎರಡನೆಯದಿರಲಿ: ಮೊದಲೇ ಸಿಕ್ಕರೆ ಬಿಟ್ಟುಕೊಡುವುದು ಕಷ್ಟ, ಕೊನೆಗೆ ಸಿಕ್ಕರೆ ಕಾಯುವುದು ಕಷ್ಟ. ಐದಾರು ಮಕ್ಕಳು ಸೇರಿದರೆ ಕಾಯುವ ಹೊತ್ತು ಬೆಳೆದು ಆಟವೇ ಕೆಡುತ್ತದೆ.

ಎದ್ದು ಬಂದಾಗ ‘ಪಾಪ, ಅವಳು ಹೇಳಿದ ಹಾಗೇ ಆಡ್ರೋ’ ಎಂದು ಉಳಿದವರಿಗೆ ಹೇಳಲೇಬೇಡಿ. ಹಟಕ್ಕೆ ಫಲ ಸಿಕ್ಕಂತಾಗುತ್ತದೆ. ಸ್ವಲ್ಪ ಹೊತ್ತು ಬಿಟ್ಟು, ‘ನೀನು ಏನಾಗ್ತೀಯಾ ಅಂತ ಅವರನ್ನ ಕೇಳು, ಬಾ’ ಎಂದು ಜೊತೆಗೆ ಹೋಗಿ, ಆ ಮಾತನ್ನು ಅವಳ ಬಾಯಿಂದಲೇ ಆಡಿಸಿ.

ಮನೆಯಲ್ಲಿ ಒಂದೇ ಕೆಲಸ, ಎರಡು ವಾರ ಅದೇ ಕೆಲಸ. ಊಟಕ್ಕೆ ತಟ್ಟೆ ಹಾಕುವುದು, ಸಣ್ಣ ಚೊಂಬಿನಲ್ಲಿ ಅರ್ಧದಷ್ಟೇ ನೀರು ತುಂಬಿ ಲೋಟಗಳಿಗೆ ಬಗ್ಗಿಸುವುದು ಇಂಥದ್ದು. ಒರೆಸುವ ಬಟ್ಟೆ ಪಕ್ಕದಲ್ಲೇ ಇರಲಿ. ಚೆಲ್ಲಿದ ಕೂಡಲೇ ದೊಡ್ಡವರು ಚೊಂಬು ಕಿತ್ತುಕೊಳ್ಳುವುದು, ಅವಳು ಜೋಡಿಸಿದ್ದನ್ನು ಕಣ್ಣೆದುರೇ ಸರಿಪಡಿಸುವುದು – ಬಹಳ ಮನೆಗಳಲ್ಲಿ ಕೆಡುವುದು ಇಲ್ಲೇ. ಹೊಗಳುವಾಗಲೂ ‘ನೀನೇ ಲೀಡರ್’ ಬೇಡ. ‘ತಾತನಿಗೆ ಚಮಚ ಇರಲಿಲ್ಲ, ನೀನೇ ನೋಡಿ ತಂದೆ’ ಎಂದು ಮಾಡಿದ್ದನ್ನೇ ಹೇಳಿ. ಇನ್ನೊಬ್ಬರ ಅಗತ್ಯ ಗಮನಿಸುವುದಕ್ಕೂ ಬೆಲೆಯಿದೆ ಎಂದು ಆಗ ತಿಳಿಯುತ್ತದೆ.

ಪ್ರಶ್ನೆ: ನರ್ಸರಿ ತರಗತಿಗೆ ಮಾನಿಟರ್ ಬೇಕೇ?
– ಶಿಕ್ಷಕಿ, ಹಾಸನ

ಉತ್ತರ: ಕಾಯಂ ಮಾನಿಟರ್ ಬೇಡವೇ ಬೇಡ. ಒಂದು ಮಗು ಚಾಡಿ ಕಲಿಯುತ್ತದೆ, ಉಳಿದವು ಸುಮ್ಮನಿರುವುದನ್ನು ಕಲಿಯುತ್ತವೆ. ಚಾಪೆ ಹಾಸುವುದು, ಗಿಡಕ್ಕೆ ನೀರು, ಸಾಲಿನ ಮುಂದೆ ನಡೆಯುವುದು, ಕ್ರೇಯಾನ್ ಹಂಚುವುದು – ನಾಲ್ಕು ಕೆಲಸಕ್ಕೆ ದಿನಕ್ಕೆ ನಾಲ್ವರು. ಇಪ್ಪತ್ತು ಮಕ್ಕಳಿದ್ದರೆ ಐದು ದಿನದಲ್ಲಿ ಎಲ್ಲರದೂ ಒಂದು ಸುತ್ತು. ಓದು ಬಾರದ ವಯಸ್ಸಲ್ಲವೇ, ಹೆಸರಿನ ಬದಲು ಮಕ್ಕಳ ಫೋಟೊಗಳನ್ನೇ ಪಟ್ಟಿಗೆ ಅಂಟಿಸಿ. ಮಾತಾಡಲು ಹಿಂಜರಿಯುವ ಮಗುವಿಗೆ ಮೊದಲ ಸುತ್ತಿನಲ್ಲಿ ಗಿಡದ ಕೆಲಸ ಕೊಡಿ, ಹಂಚುವ ಕೆಲಸ ಆಮೇಲೆ ಬರಲಿ.